ತೋಳಿನ ಮೇಲಿನ ನೆಂಟ

"ಸಿಸ್ಟರ್, ಅದು ಗಂಡಸಿಂದೋ ಹೆಂಗಸಿಂದೋ, ಅಷ್ಟು ಹೇಳ್ರಿ ಸಾಕು."

ರಾಯಚೂರಿನ ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ಬೀರೇಶ ಹೀಗೆ ಕೇಳಿದಾಗ ನರ್ಸ್ ಸೈಮಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಚರ್ಮ ಯಾರು ಕೊಟ್ರು ಅಂತ ಸ್ಕಿನ್ ಬ್ಯಾಂಕಿನವ್ರು ಹೇಳೂದಿಲ್ರಿ. ಯಾರೋ ತೀರಿಹೋದವ್ರು, ಮನಿಯವ್ರು ಒಪ್ಪಿ ಕೊಟ್ಟಾರ. ಎಚ್‌ಐವಿ, ಕಾಮಾಲಿ ಎಲ್ಲಾ ಟೆಸ್ಟ್ ಮಾಡೇ ಕಳಿಸ್ತಾರ. ರೋಗದ ಹೆದರಿಕಿ ಬ್ಯಾಡ."

ಬೀರೇಶನ ಹೆದರಿಕೆ ರೋಗದ್ದಾಗಿದ್ದರೆ ಎಷ್ಟು ಚೆನ್ನಾಗಿತ್ತು!

ಅವನೊಂದಿಗೆ ಮದುವೆ ನಿಶ್ಚಯವಾದ ಮೇಲೆ, ದೇವದುರ್ಗದ ತನ್ನ ಮನೆಯಲ್ಲಿ ಕಾದ ಎಣ್ಣೆ ಮಗುಚಿ ದೇವಿಕಾಳ ಎಡತೋಳು ಬೆಂದಿತ್ತು. ಮಾನ್ವಿ ಕಡೆಯ ಕಲ್ಲೂರಿನ ಕುರಿಗಾರ ಬೀರೇಶ ಅವಳ ಸೋದರತ್ತೆಯ ಮಗ. ಮೀಸೆ ಚಿಗುರುವ ಮೊದಲೇ ಆ ಕೈ ತನ್ನದೆಂದು ನಂಬಿದವನು. ಈಗ ಅಲ್ಲಿ, ಗಾಯಕ್ಕೆ ಹಚ್ಚಿದ ಚರ್ಮದ ರೂಪದಲ್ಲಿ, ಬೇರೆ ಯಾರೋ ಬಂದು ಕುಳಿತಿದ್ದರು. ಸಾಲದ್ದಕ್ಕೆ ಅವಳು ಬ್ಯಾಂಡೇಜನ್ನು ಮೆಲ್ಲಗೆ ಸವರುತ್ತ, "ಆ ಪುಣ್ಯಾತ್ಮ ಬಂದ ಮ್ಯಾಲೆ ಉರಿ ತಣ್ಣಗಾತು ನೋಡು, ಮಾವಾ" ಎಂದಿದ್ದಳು. ಹೇಳುವಾಗ ಕಣ್ಣಲ್ಲಿ ಮಿನುಗು ಬೇರೆ! ಬೀರೇಶನಿಗೆ ಹೊಟ್ಟೆ ಉರಿದುಹೋಯಿತು.

ಕುರಿಗಾರನ ಸಂಕಟಕ್ಕೆ ಕಾರಣವಿತ್ತು. ಮರಿ ಸತ್ತ ಕುರಿ ತಬ್ಬಲಿ ಮರಿಯನ್ನು ಹತ್ತಿರ ಸೇರಿಸದಿದ್ದರೆ, ಸತ್ತ ಮರಿಯ ಚರ್ಮವನ್ನು ತಬ್ಬಲಿಗೆ ಹೊದಿಸಿ ಬಿಡುವುದು ಅವರ ಮನೆಯ ರೂಢಿ. ತಾಯಿ ಮೂಸಿ ನೋಡಿ ತನ್ನದೇ ಎಂದು ಹಾಲು ಕೊಡುತ್ತದೆ. ಚರ್ಮ ಯಾರದೋ, ಅದನ್ನು ಹೊದ್ದವರೂ ಅವರವರೇ ಆಗಿಬಿಡುತ್ತಾರೆ ಎಂಬುದನ್ನು ಬೀರೇಶ ಕಣ್ಣಾರೆ ಕಂಡಿದ್ದ. ಇನ್ನು ದೇವಿಕಾ ತನ್ನವಳಾಗಿ ಉಳಿದಾಳೆಯೇ?

ಮುನಿಸಿಕೊಂಡು ಊರಿಗೆ ಹೋದವನು ವಾರಗಟ್ಟಲೆ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ, ಅವಳ ಫೋನನ್ನೂ ಎತ್ತಲಿಲ್ಲ. ಕೊನೆಗೆ ಇರಲಾರದೆ ಬಂದಾಗ ದೇವಿಕಾ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಸುಟ್ಟ ಕೈಯಾಕಿ ಬ್ಯಾಡಾಗಿದ್ರ ಬಾಯಿಬಿಟ್ಟು ಹೇಳು, ಮಾವಾ. ಈ ಮದುವಿ ಬಿಟ್ಟುಬಿಡೂಣು."

"ಕೈ ಅಲ್ಲ ಬೇ... ಕೈಮ್ಯಾಲೆ ಕುಂತಾನಲ್ಲ, ಅವ! ಅವನ್ನ ಸವರಿ ಸವರಿ ಮಾತಾಡ್ತಿ. ನನ್ನ ನೋಡಿ ಒಮ್ಮೆರ ಹಂಗ ನಕ್ಕೀಯೇನು?"

ಅವಳು ತಟ್ಟನೆ ತಿರುಗಿದಳು. ಅತ್ತು ಕೆಂಪಾದ ಕಣ್ಣುಗಳಲ್ಲಿ ನಿಧಾನವಾಗಿ ನಗು ಮೂಡಿತು.

"ಸತ್ತವ್ರ ಮ್ಯಾಲೆ ಹೊಟ್ಟಿಕಿಚ್ಚೇನು? ಹುಚ್ಚಪ್ಪ!"

ಬೀರೇಶ ತಲೆ ತಗ್ಗಿಸಿ ಕುರಿಮರಿಯ ಸಂಗತಿಯನ್ನೆಲ್ಲ ಹೇಳಿಬಿಟ್ಟ. ದೇವಿಕಾ ಎದ್ದು ಕುಳಿತಳು.

"ಮರಿಗಿ ಆ ಚರ್ಮ ಎಷ್ಟು ದಿನ ಬಿಡ್ತೀರಿ?"

"ನಾಕು ದಿನ. ತಾಯಿಗಿ ಮರಿ ರೂಢಿ ಆಗೂತನ."

"ಆಮ್ಯಾಲೆ?"

"ತೆಗದುಬಿಡ್ತೀವಿ..." ಬೀರೇಶ ಅವಳ ತೋಳಿನತ್ತ ನೋಡಿದ.

"ಇದೂ ಹಂಗ. ಬ್ಯಾರೆಯವ್ರ ಚರ್ಮ ಮೈಗಿ ಭಾಳ ದಿನ ಒಗ್ಗೂದಿಲ್ಲಂತ. ಗಾಯ ಹದಕ್ಕ ಬರೂತನ ಕಾವಲಿದ್ದು ಹೋದ್ರು ಅವ್ರು. ಮೊನ್ನೆ ನನ್ನ ತೊಡಿ ಚರ್ಮಾನ ತೆಗದು ಹಚ್ಯಾರ. ಈಗ ಇಲ್ಲಿ ಇರಾಕಿ ನಾನ."

ಗೆದ್ದೆನೆಂದು ಕುಣಿಯಬೇಕಿದ್ದವನಿಗೆ ನಾಚಿಕೆಯಾಯಿತು. ತಾನು ಮುನಿಸಿಕೊಂಡು ಕೂತಿದ್ದಾಗ ಇವಳ ತೋಳು ಕಾದವರು ಯಾರೋ. ಗುರುತಿಲ್ಲದ ಆ ಜೀವಕ್ಕೆ ಬೀರೇಶ ಮನಸ್ಸಿನಲ್ಲೇ ಕೈಮುಗಿದ.

"ನಾನೂ ಹೇಳಿಡ್ತೀನಿ, ದೇವಿ. ನಾ ಹೋದ ಮ್ಯಾಲೆ ನನ್ನ ಚರ್ಮ ಯಾರಿಗರ ಕೊಡ್ಲಿ."

ದೇವಿಕಾಳ ಹುಬ್ಬು ಗಂಟಾಯಿತು. ಬಲಗೈಯಿಂದ ಅವನ ಅಂಗಿ ಹಿಡಿದೆಳೆದು ಹತ್ತಿರ ಕೂರಿಸಿಕೊಂಡಳು.

"ಕೊಡು. ಆದ್ರ ಯಾವಾಕಿ ತೋಳಿಗಿ ಅಂತ ಮೊದ್ಲು ನನ್ನ ಕೇಳಬೇಕು."