ಕಾವುಪೆಟ್ಟಿಗೆಯ ಒಂಬತ್ತು ಮೊಟ್ಟೆ

ಹತ್ತಿರ ಬನ್ನಿ, ಜೋರಾಗಿ ಹೇಳೋ ಮಾತಲ್ಲ ಇದು. ಆ ಕದ ಸ್ವಲ್ಪ ಮುಂದಕ್ಕೆ ಮಾಡಿ. ನಾನು ಹೇಳಿದೆ ಅಂತ ಎಲ್ಲೂ ಬಾಯಿ ಬಿಡಬಾರದು, ನಿಮ್ಮ ಮಕ್ಕಳಾಣೆ. ನನಗೂ ವಯಸ್ಸಾಯ್ತು, ಹೊಟ್ಟೇಲಿ ಇಟ್ಟುಕೊಂಡು ಸಾಕಾಗಿದೆ.

ಬಹಳ ಹಿಂದೆ, ನನ್ನ ತಲೇಲಿ ಒಂದೂ ಬಿಳಿಕೂದಲು ಇಲ್ಲದಿದ್ದಾಗ, ಏಳುಕೆರೆ ಅಂತ ಒಂದು ರಾಜ್ಯ ಇತ್ತು. ಅದರ ರಾಜ ಚೆಲುವರಾಯ. ಅವನ ಸೈನ್ಯ ಅಷ್ಟಕ್ಕಷ್ಟೇ. ರಾಜ್ಯ ಕಾಯುತ್ತಿದ್ದದ್ದು ಕೋಟೆಯ ನಲವತ್ತು ಹೆಬ್ಬಾತುಗಳು. ಹೆಬ್ಬಾತು ಕೂಗಿದ ಕಡೆ ಮಾಟ ನಿಲ್ಲುತ್ತಿರಲಿಲ್ಲ. ಅದಕ್ಕೇ ಬೂದಿಗಣ್ಣ ಅನ್ನುವ ಮಾಂತ್ರಿಕ ಕೋಟೆಯ ಹೊರಗೆ ವರ್ಷಗಟ್ಟಲೆ ಹೊಂಚು ಹಾಕಿ ಕೂತಿದ್ದ.

ಒಂದು ಅಮಾವಾಸ್ಯೆ, ಬಾತುಗಳು ಕೊರಳು ಮಡಚಿ ಮಲಗಿದ್ದಾಗ, ಒಳಗೆ ನುಗ್ಗಿ ಬೂದಿ ಎರಚಿದ. ನಲವತ್ತೂ ಕಲ್ಲಾದವು. ಅವುಗಳನ್ನು ಕಾಯುತ್ತಿದ್ದ ಕೆಂಚಣ್ಣನಿಗೂ ಎರಚಿದ. ಬಾತಿನ ವಿದ್ಯೆಯೆಲ್ಲ ತಿಳಿದವನು ಅಂತ ಮೊದಲು ಅವನ ನಾಲಿಗೆ ಕಲ್ಲಾಯಿತು, ಆಮೇಲೆ ಪಾದ. ಇಲ್ಲಿಂದ ಮೂರನೇ ಅಮಾವಾಸ್ಯೆ ಹೊತ್ತು ಮುಳುಗುವಾಗ ಇವನು ತಲೆವರೆಗೂ ಕಲ್ಲು, ಸಿಂಹಾಸನ ನನ್ನದು ಅಂತ ಹೇಳಿ ಹೋದ. ಅಷ್ಟರೊಳಗೆ ಆ ಕೋಟೆಯ ತಳಿಯ ಒಂದು ಹೆಬ್ಬಾತು ಕೂಗಿದರೆ ಎಲ್ಲವೂ ಬಿಟ್ಟುಹೋಗುತ್ತಿತ್ತು. ಕೂಗೋಕೆ ಬಾತೆಲ್ಲಿದೆ. ಕಲ್ಲುಬಾತುಗಳ ಹೊಟ್ಟೆಯಡಿ ಉಳಿದದ್ದು ಒಂಬತ್ತು ಮೊಟ್ಟೆ.

ಅರಮನೆಯಲ್ಲಿ ಎರಡು ವಸ್ತು ಇದ್ದವು. ಒಂದು ಗುಡಾಣ, ಅದರಲ್ಲಿಟ್ಟದ್ದು ಹಳತಾಗುತ್ತಿರಲಿಲ್ಲ. ಇನ್ನೊಂದು ಕಾವುಪೆಟ್ಟಿಗೆ. ಅದರ ತಳದಲ್ಲಿ ಬೆಂಕಿಹಕ್ಕಿಯ ಗರಿ ಇತ್ತು, ಸದಾ ಬಾತಿನ ಹೊಟ್ಟೆಯಷ್ಟೇ ಬಿಸಿ. ಆರು ಮೊಟ್ಟೆ ಗುಡಾಣಕ್ಕೆ, ಮೂರು ಪೆಟ್ಟಿಗೆಗೆ. ನೋಡಿಕೊಳ್ಳೋಕೆ ಕೆಂಚಣ್ಣನ ಹೆಂಡತಿ ಮುದ್ದಾಜಮ್ಮನನ್ನು ಕರೆಸಿದರು. ಅವಳು ಸೂಲಗಿತ್ತಿ, ನಮ್ಮ ಪಕ್ಕದ ಮನೆಯವಳು. ಎರಡು ಮನೆಗೂ ಒಂದೇ ಗೋಡೆ, ನನಗೆ ಗೊತ್ತಾಗದೆ ಅಲ್ಲಿ ಒಗ್ಗರಣೆ ಬೀಳುತ್ತಿರಲಿಲ್ಲ.

ನೂರು ಮನೆ ಬಾಣಂತನ ಮಾಡಿದವಳಿಗೆ ಮೊಟ್ಟೆ ಯಾವ ಮಹಾ ಅಂದರು ರಾಜಮಾತೆ. ಅವಳೂ ಹೌದೆಂದಳು. ಎಳೆಗೂಸಿಗೆ ಮಾಡುವ ಹಾಗೆ ಮೊಟ್ಟೆಗಳಿಗೆ ಹರಳೆಣ್ಣೆ ಅರಿಶಿನ ಹಚ್ಚಿದರು. ಸಂಜೆಯಾದರೆ ಸಾಂಬ್ರಾಣಿ ಹೊಗೆ. ಎಲ್ಲ ಶಾಸ್ತ್ರವೂ ಆಯ್ತು. ಮೂವತ್ತು ದಿನ ಕಳೆಯಿತು, ಮರಿ ಬರಲಿಲ್ಲ. ಕೆಂಚಣ್ಣ ಸೊಂಟದವರೆಗೆ ಕಲ್ಲಾದ. ಒಡೆದು ನೋಡಿದರೆ ಬೆರಳುಗಾತ್ರದ ಮರಿಗಳು, ಉಸಿರು ಕಟ್ಟಿ ಸತ್ತಿವೆ. ಮೊಟ್ಟೆಯ ಚಿಪ್ಪೂ ಉಸಿರಾಡುತ್ತದಂತೆ. ಎಣ್ಣೆ ಆ ಸಣ್ಣ ತೂತುಗಳನ್ನೆಲ್ಲ ಮುಚ್ಚಿಬಿಟ್ಟಿತ್ತು. ಆ ವಾಸನೆಗೆ ರಾಜಮಾತೆ ಮೂರು ದಿನ ಊಟ ಬಿಟ್ಟರು. ಬಿಟ್ಟದ್ದು ಅನ್ನ ಮಾತ್ರ, ಹೋಳಿಗೆ ಒಳಗೆ ಹೋಗುತ್ತಿತ್ತು.

ಎರಡನೇ ಸಲ ಎಣ್ಣೆಯಿಲ್ಲ, ಹೊಗೆಯಿಲ್ಲ. ಆದರೆ ಬಾಣಂತಿ ಕೋಣೆಗೆ ಥಂಡಿ ಗಾಳಿ ಬಿಟ್ಟಾರೆಯೇ. ಪೆಟ್ಟಿಗೆಗೆ ಕಂಬಳಿ ಸುತ್ತಿದರು, ಹನಿ ನೀರು ತಾಕಿಸಲಿಲ್ಲ. ಮಲಗಿದ ಕೂಸನ್ನು ಅಲ್ಲಾಡಿಸಬಾರದು ಅಂತ ಮೊಟ್ಟೆ ಹೊರಳಿಸಲೂ ಇಲ್ಲ. ಮೂವತ್ತು ದಿನ ಕಳೆಯಿತು, ಮರಿ ಬರಲಿಲ್ಲ. ಕೆಂಚಣ್ಣ ಎದೆವರೆಗೆ ಕಲ್ಲಾದ. ಈ ಸಲ ಮರಿಗಳು ಪೂರ್ತಿ ಬೆಳೆದಿದ್ದವು, ಕೊಕ್ಕು ಗರಿ ಎಲ್ಲ ಇತ್ತು. ಒಳಪೊರೆ ಚರ್ಮದ ಹಾಗೆ ಒಣಗಿ ಮೈಗೆ ಅಂಟಿಕೊಂಡು, ಒಂದೇ ಮಗ್ಗುಲಲ್ಲಿ ಸತ್ತಿದ್ದವು. ಮುದ್ದಾಜಮ್ಮ ಅವನ್ನು ಸೆರಗಲ್ಲಿ ಕಟ್ಟಿಕೊಂಡು ಹೋಗಿ ಗಂಡನಿಗೆ ತೋರಿಸಿದಳು. ಅವನಿಗೆ ಬಾಯಿಲ್ಲ. ಕಣ್ಣು ಮಾತ್ರ ಕೋಟೆಹಿಂದಿನ ಕೆರೆ ಕಡೆ ತಿರುಗಿಸಿದ. ತಿರುಗಿಸಿದ್ದು ಹಾಗೇ ಇಟ್ಟ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಮೂರನೇ ಸಲದ ಮೊಟ್ಟೆ ಇಟ್ಟ ಮೇಲೆ ಮುದ್ದಾಜಮ್ಮ ದಿನಾ ಮಧ್ಯಾಹ್ನ ಎದ್ದು ಕೆರೆ ಕಡೆ ಹೋಗೋದು. ಬರುವಾಗ ಸೀರೆ ಸೊಂಟದವರೆಗೆ ಒದ್ದೆ, ತಲೇಲಿ ಜೊಂಡಿನ ಕಡ್ಡಿ. ಗಂಡ ಕಲ್ಲಾಗಿ ನಿಂತಿರುವಾಗ ಹೆಂಗಸು ದಿನಾ ಹೀಗೆ ಜೊಂಡಿನೊಳಗೆ ಹೋಗಿ ಬಂದರೆ ಏನಂದುಕೊಳ್ಳಬೇಕು, ನೀವೇ ಹೇಳಿ. ನಾನು ಅಗಸರ ಸಣ್ಣತಾಯಿಯ ಕಿವೀಲಿ ಒಂದೇ ಒಂದು ಮಾತು ಹಾಕಿದೆ. ಸಂಜೆಯೊಳಗೆ ಅದು ರಾಜಮಾತೆಗೆ ಮುಟ್ಟಿತ್ತು, ಜೊತೆಗೊಬ್ಬ ಕುದುರೆಲಾಯದವನೂ ಸೇರಿಕೊಂಡಿದ್ದ. ಅವನನ್ನು ನಾನು ಸೇರಿಸಿದ್ದಲ್ಲ. ನಡತೆಗೆಟ್ಟವಳ ಕೈ ಮೊಟ್ಟೆಗೆ ತಾಕಬಾರದು ಅಂತ ಅರಮನೆ ಬಾಗಿಲು ಹಾಕಿಸಿದರು. ಎರಡು ದಿನ ಅವಳು ಬಾಗಿಲ ಕಲ್ಲಿನ ಮೇಲೆ ಕೂತಿದ್ದಳು. ಅಳಲಿಲ್ಲ, ಅಂಗಲಾಚಲಿಲ್ಲ. ಮಧ್ಯಾಹ್ನವಾದರೆ ಎದ್ದು ಮತ್ತೆ ಕೆರೆಗೆ ಹೋಗುತ್ತಿದ್ದಳು.

ಎರಡನೇ ದಿನ ಚೆಲುವರಾಯ ತಾನೇ ಮರೆಯಲ್ಲಿ ಹಿಂದೆ ಹೋಗಿ ನೋಡಿದ. ಅವಳು ಕೆಸರಲ್ಲಿ ಸೊಂಟಮಟ್ಟ ನಿಂತು ಒಂದು ಕಾಡುಬಾತನ್ನು ನೋಡುತ್ತಿದ್ದಳು. ಜೊಂಡಿನಲ್ಲಿ ಕಾವಿಗೆ ಕೂತ ಬಾತು ದಿನಕ್ಕೊಮ್ಮೆ ಎದ್ದು, ನೀರಲ್ಲಿ ಮುಳುಗಿ, ಒದ್ದೆ ಹೊಟ್ಟೆಯಲ್ಲೇ ಬಂದು ಮತ್ತೆ ಕೂರುತ್ತಿತ್ತು. ಕೊಕ್ಕಿನಿಂದ ಒಂದೊಂದೇ ಮೊಟ್ಟೆ ಹೊರಳಿಸುತ್ತಿತ್ತು. ಅಷ್ಟೇ ಗುಟ್ಟು. ನನಗೂ ಸಪ್ಪೆ ಅನ್ನಿಸಿತು.

ಬಾಗಿಲು ತೆಗೆದರು. ನೀರಿಲ್ಲದೆ, ಗಾಳಿಯಿಲ್ಲದೆ ಬೆಂದ ಆ ಎರಡು ದಿನದಲ್ಲಿ ಒಂದು ಮೊಟ್ಟೆ ಹೋಗಿತ್ತು. ದೀಪಕ್ಕೆ ಹಿಡಿದರೆ ಒಳಗೆ ನರವೇ ಕಾಣಲಿಲ್ಲ. ಅದಕ್ಕೆ ನಾನೇನು ಮಾಡಲಿ. ಉಳಿದ ಎರಡಕ್ಕೆ ಅವಳು ಇದ್ದಿಲಲ್ಲಿ ಗುರುತು ಹಾಕಿ ದಿನಕ್ಕೆ ಮೂರು ಸಲ ಹೊರಳಿಸಿದಳು. ಮಧ್ಯಾಹ್ನ ಮುಚ್ಚಳ ತೆಗೆದು ತಣ್ಣಗಾಗಲು ಬಿಟ್ಟು ಉಗುರುಬೆಚ್ಚನೆ ನೀರು ಚಿಮುಕಿಸಿದಳು. ಮರಿ ಹೊರಬರೋಕೆ ತಲೆ ತಿರುಗಿಸಿಕೊಳ್ಳೋ ಹೊತ್ತು ಅಂತ ಕೊನೆಯ ಮೂರು ದಿನ ಮುಟ್ಟಲೇ ಇಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಎರಡೂ ಮೊಟ್ಟೆ ಸೀಳು ಬಿಟ್ಟವು. ಆಮೇಲೆ ಸದ್ದಿಲ್ಲ. ಮರುದಿನವಾದರೂ ಸದ್ದಿಲ್ಲ. ಕೆಂಚಣ್ಣನ ಗಲ್ಲ ಕಲ್ಲಾಗಿತ್ತು. ಮುದ್ದಾಜಮ್ಮ ಅವನ ಹಣೆ ಒರೆಸಿ ಬರೋಕೆ ಹೋದಾಗ ರಾಜಮಾತೆ ತಡೆಯಲಾರದೆ ಒಂದು ಮೊಟ್ಟೆಯ ಚಿಪ್ಪು ಸುಲಿದರು. ರಕ್ತ ಸುರಿದು ಮರಿ ಕೈಯಲ್ಲೇ ಸತ್ತಿತು.

ಉಳಿದದ್ದು ಒಂದು. ಹೊತ್ತು ಇಳಿಯುತ್ತಿತ್ತು. ಇದನ್ನೂ ಬಿಡಿಸು, ಇಲ್ಲದಿದ್ದರೆ ನಿನ್ನ ಗಂಡನೇ ಹೋಗುತ್ತಾನೆ ಅಂತ ರಾಜ ಹೇಳಿದ. ಮುದ್ದಾಜಮ್ಮ ಪೆಟ್ಟಿಗೆಗೆ ಅಡ್ಡ ಕೂತಳು.

"ಬುದ್ಧಿ, ಅದು ಚಿಪ್ಪಲ್ಲಿರೋ ತನ್ನ ರಕ್ತ ತಾನು ಒಳಗೆ ಎಳ್ಕೋತಾ ಇದೆ, ಮುಗಿದಿಲ್ಲ. ಅದಕ್ಕೂ ಸುಸ್ತಾಗಿದೆ, ನನಗೂ ಆಗಿದೆ. ಇಬ್ಬರೂ ಸ್ವಲ್ಪ ಕೂತ್ಕೋತೀವಿ."

ಬೂದಿಗಣ್ಣ ಹೆಬ್ಬಾಗಿಲು ದಾಟಿದ. ಕಾವಲಿನವರು ಈಟಿ ಬಿಸಾಕಿ ಓಡಿದರು. ಅಂಗಳ ದಾಟಿದ. ಸಿಂಹಾಸನದ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ಆಗ ಪೆಟ್ಟಿಗೆಯೊಳಗೆ ಚಿಪ್ಪಿನ ಟೋಪಿ ಬಿದ್ದು, ಒದ್ದೆಮುದ್ದೆ ಮರಿಯೊಂದು ಹೊರಗುರುಳಿತು. ಕೂಗಿತು ಅನ್ನೋದಕ್ಕಿಂತ ಬಾಗಿಲು ಕಿರುಗುಟ್ಟಿದ ಹಾಗಿತ್ತು. ಅಷ್ಟು ಸಾಕಾಯಿತು. ಮಾಂತ್ರಿಕ ನಿಂತಲ್ಲೇ ಬೂದಿಯಾಗಿ ಉದುರಿದ, ಗುಡಿಸುವವಳು ಮೊರದಲ್ಲಿ ತುಂಬಿ ತಿಪ್ಪೆಗೆ ಹಾಕಿದಳು. ನಲವತ್ತು ಬಾತೂ ಎದ್ದು ಊರು ಕಿತ್ತುಹೋಗುವ ಹಾಗೆ ಅರಚಿದವು. ಕೆಂಚಣ್ಣನ ಬಾಯಿ ಬಂತು. ಮೂರು ತಿಂಗಳಾದ ಮೇಲೆ ಹೆಂಡತಿಯ ಮುಖ ನೋಡಿ ಆ ಗಂಡಸು ಕೇಳಿದ್ದು, ಬಾತುಗಳಿಗೆ ಮೇವು ಹಾಕಿದ್ರಾ ಅಂತ.

ಅಲ್ಲಿಂದ ಏಳುಕೆರೆಯಲ್ಲಿ ಮಾಟದ ಹೆಸರಿಲ್ಲ. ಕೆರೆ ತುಂಬ ನೀರು, ಕೋಟೆ ತುಂಬ ಬಾತು, ಎಲ್ಲರೂ ಉಂಡುಟ್ಟು ನೆಮ್ಮದಿಯಾಗಿ ಬಾಳಿದರು.

ಮಾಟ ಬಿಟ್ಟ ಮಾರನೇ ದಿನ ನಾನೂ ಒಂದು ಬಟ್ಟಲು ಪಾಯಸ ಹಿಡಿದು ಅವಳ ಮನೆಗೆ ಹೋದೆ. ಜೊಂಡಿನ ವಿಷಯ ಅವಳ ಬಾಯಿಂದಲೇ ಕೇಳೋಣ ಅಂತ ಇತ್ತು, ಸುಳ್ಳು ಯಾಕೆ ಹೇಳಲಿ. ಗೋಡೆಗೊರಗಿ ಕೂತಿದ್ದಳು. ಬಟ್ಟಲು ತಗೊಂಡು ಪಕ್ಕಕ್ಕಿಟ್ಟಳು. ನನ್ನ ಮುಖ ನೋಡಿಕೊಂಡೇ ಹೇಳಿದಳು:

"ಅಕ್ಕ, ಮೂರು ತಿಂಗಳಲ್ಲಿ ನಾನೆಲ್ಲಿಗೆ ಹೋದೆ ಅಂತ ನೋಡೋಕೆ ನೀನು ನೂರು ಸಲ ಎದ್ದೆ. ಉಂಡೆಯಾ ಅಂತ ಕೇಳೋಕೆ ಒಂದು ಸಲ ಬರಲಿಲ್ಲ. ಈಗ ಕದ ಎಳ್ಕೊಂಡು ಹೋಗು, ನಾನು ಮಲಗ್ತೀನಿ."