ಕೆಂಚ ಕಾಯುವುದನ್ನು ಮರೆತದ್ದು

ಗಾಜಿನ ಕಣದ ನಡುವೆ ಕೆಂಚ ನಿಂತಿತ್ತು. ನರಿಯ ಮೈ, ಉಡದ ಬಾಲ, ಬೆನ್ನಿನುದ್ದಕ್ಕೂ ಕೆಂಡದ ಬಣ್ಣದ ಒಂದು ಗೆರೆ. ಬರಿಯ ಬೆಳಕಿನಿಂದ ಮೂಡಿದ ಪ್ರಾಣಿಯಾದರೂ ಅದು ಉಸಿರಾಡುವಾಗ ಪಕ್ಕೆಗಳು ಏರಿಳಿಯುವುದು ಕಾಣುತ್ತಿತ್ತು. ಡಾ. ಇಂಚರಾ ಹಿತ್ತಲಮನಿ ಯಂತ್ರವನ್ನು ಚಾಲೂ ಮಾಡಿದಳು. ಪಕ್ಕದ ಪರದೆಯ ಮೇಲೆ ಕೆಂಚನ ಆರು ಅಂಕಿಗಳು ನಿಧಾನವಾಗಿ ಮೇಲೇರತೊಡಗಿದವು: ಕಸುವು, ಕಾಪು, ವೇಗ, ತಾಳಿಕೆ, ಗುರಿ, ಜಾಣತನ. ಒಂದೊಂದೇ ತುದಿ ಮುಟ್ಟಿ ನಿಂತಿತು. ಕೆಂಚ ಒಮ್ಮೆ ಮೈ ಕೊಡವಿಕೊಂಡಿತು.

"ಮುಗೀತೇನವ್ವಾ?" ಎಂದು ಕೇಳಿದವಳು ಶಾರವ್ವ ಬೆಟಗೇರಿ. ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು.

"ಮುಗೀತ್ರಿ. ಈಗ ನಿಮ್ಮ ಕೆಂಚ ಯಾರಿಗೂ ಕಮ್ಮಿ ಇಲ್ಲ."

ಆ ಕಾಲಕ್ಕೆ ಮರಿಗಾಡು ಎಂಬ ಆಟ ಆಡದ ಮನೆ ನಾಡಿನಲ್ಲಿ ಇರಲಿಲ್ಲವೆಂದರೂ ನಡೆದೀತು. ತತ್ತಿಯಿಂದ ಮರಿ ಹೊರಬರುತ್ತದೆ, ಅದನ್ನು ಸಾಕಬೇಕು, ಮಾತು ಕಲಿಸಬೇಕು, ಬೇರೆಯವರ ಮರಿಗಳೊಂದಿಗೆ ಕಣಕ್ಕಿಳಿಸಬೇಕು. ಆದರೆ ಹುಟ್ಟುವಾಗ ಅದಕ್ಕೆ ಸಿಗುವ ಆರು ಅಂಕಿಗಳು ಚೀಟಿ ಎತ್ತಿದ ಹಾಗೆ, ಸಿಕ್ಕಿದ್ದು ಸಿಕ್ಕಿತು. ಪಂದ್ಯ ಗೆಲ್ಲಲೇಬೇಕೆಂದು ಹಟ ತೊಟ್ಟವರು ರಾಶಿ ರಾಶಿ ತತ್ತಿ ಒಡೆಸಿ, ಒಳ್ಳೆಯ ಅಂಕಿಯ ಒಂದನ್ನು ಇಟ್ಟುಕೊಂಡು ಉಳಿದವನ್ನು ಅಳಿಸಿಹಾಕುತ್ತಿದ್ದರು. ಅಳಿಸುವ ಮುಂಚೆ ಆ ಮರಿಗಳು ಒಡೆಯನ ಮುಖ ನೋಡುತ್ತಿದ್ದವು. ಚಿಕ್ಕಂದಿನಲ್ಲಿ ಇದನ್ನು ಕಂಡು ಅನ್ನ ಬಿಟ್ಟು ಕೂತಿದ್ದ ಇಂಚರಾ, ದೊಡ್ಡವಳಾಗಿ ಧಾರವಾಡದ ಪ್ರಯೋಗಾಲಯದಲ್ಲಿ ಕಂಡುಹಿಡಿದ ವಿಧಾನವೇ 'ಪುಟ'. ಅಕ್ಕಸಾಲಿಗರು ಚಿನ್ನವನ್ನು ಪುಟಕ್ಕಿಡುತ್ತಾರಲ್ಲ, ಆ ಹೆಸರನ್ನೇ ಎತ್ತಿಕೊಂಡಿದ್ದಳು. ಮರಿಯ ಬುದ್ಧಿಯೆಂದರೆ ಲಕ್ಷಾಂತರ ಸಣ್ಣ ತಕ್ಕಡಿಗಳ ಒಂದು ಬಲೆ. ಅದು ಕಂಡದ್ದು ಕೇಳಿದ್ದೆಲ್ಲ ಒಂದೊಂದು ತಕ್ಕಡಿಯನ್ನು ಕೂದಲೆಳೆಯಷ್ಟು ವಾಲಿಸುತ್ತದೆ. ಪುಟದ ಯಂತ್ರ ಅವನ್ನೆಲ್ಲ ಓದಿ, ಸೋಲಿಗೆ ಕಾರಣವಾಗುವ ವಾಲಿಕೆಗಳನ್ನು ಹುಡುಕಿ ಸರಿಪಡಿಸುತ್ತಿತ್ತು. ಇನ್ನು ಯಾವ ಮರಿಯನ್ನೂ ಅಳಿಸಬೇಕಾಗಿಲ್ಲ. ಅಷ್ಟರಮಟ್ಟಿಗೆ ಇಂಚರಾಳ ಆಸೆ ಕೈಗೂಡಿತ್ತು.

ಕೆಂಚನನ್ನು ಸಾಕಿದವನು ಶಾರವ್ವನ ಗಂಡ ಫಕೀರಪ್ಪ. ಸಿಟಿ ಬಸ್ಸಿನ ಚಾಲಕನಾಗಿದ್ದವನು. ನಿವೃತ್ತಿಯ ಮೇಲೆ ವರ್ಷಾ ವರ್ಷ ಜಿಲ್ಲಾ ಪಂದ್ಯಕ್ಕೆ ಹೋಗುವುದು, ಮೊದಲ ಸುತ್ತಿನಲ್ಲೇ ಸೋತು ನಗುತ್ತ ಬರುವುದು ಅವನ ಪರಿಪಾಠವಾಗಿತ್ತು. ಹೋದ ಚಳಿಗಾಲದಲ್ಲಿ ತೀರಿಕೊಂಡ.

"ಅವರ ಕೆಂಚ ಒಂದ್ಸಲರೆ ಗೆಲ್ಲಬೇಕವ್ವಾ. ಅದಕ್ಕ ಬಂದೀನಿ," ಎಂದಿದ್ದಳು ಶಾರವ್ವ.

ಯಂತ್ರ ಓದಿದಾಗ ಇಂಚರಾಳಿಗೆ ಒಂದು ವಿಷಯ ಕಂಡಿತ್ತು. ಕೆಂಚ ಹುಟ್ಟಾ ನಿಧಾನಿಯಲ್ಲ. ಆದರೆ ಅಪ್ಪಣೆ ಕಿವಿಗೆ ಬಿದ್ದ ಮೇಲೂ ಏನನ್ನೋ ನಿರೀಕ್ಷಿಸುವಂತೆ ನಿಂತುಬಿಡುತ್ತಿತ್ತು. "ಇದೊಂದು ದೋಷ ಐತ್ರಿ, ತೆಗೆದ್ರ ಎಲ್ಲಾ ಸರಿಹೋಗತೈತಿ," ಎಂದಿದ್ದಳು. ಶಾರವ್ವ ತಲೆಯಾಡಿಸಿದ್ದಳು.

ಆ ವರ್ಷದ ಜಿಲ್ಲಾ ಪಂದ್ಯವನ್ನು ಕೆಂಚ ಗೆದ್ದಿತು. ಕಣ್ಣರೆಪ್ಪೆ ಬಡಿಯುವಷ್ಟರಲ್ಲಿ ಎದುರಾಳಿಗಳು ನೆಲ ಕಚ್ಚಿದ್ದವು. ಶಾರವ್ವ ಕಪ್ಪನ್ನು ಎದೆಗವಚಿಕೊಂಡು ನಿಂತ ಚಿತ್ರವನ್ನು ಇಂಚರಾ ತನ್ನ ಮೇಜಿನ ಮೇಲೆ ಇಟ್ಟುಕೊಂಡಳು.

ಕೆಲವು ದಿನ ಕಳೆದು ಶಾರವ್ವ ಮತ್ತೆ ಪ್ರಯೋಗಾಲಯಕ್ಕೆ ಬಂದಳು. ಕುಳಿತುಕೊಳ್ಳೆಂದರೂ ಕುಳಿತುಕೊಳ್ಳಲಿಲ್ಲ. ಕೆಂಚನನ್ನು ಕಣಕ್ಕೆ ಬಿಡಿಸಿ, ತನ್ನ ಮೊಬೈಲಿನಲ್ಲಿದ್ದ ಗಂಡನ ಹಳೆಯ ದನಿಯನ್ನು ಹಾಕಿದಳು.

"ಕೆ... ಕೆ... ಕೆಂಚಾ, ಹಾ... ಹಾ..."

ಮೊದಲ 'ಹಾ' ಕೇಳಿದ್ದೇ ತಡ, ಕೆಂಚ ಹಾರಿತು. ಕಣದ ಆಚೆ ತುದಿ ಮುಟ್ಟಿ, ತಿರುಗಿ ಬಂದು, ಮುಂದಿನ ಅಪ್ಪಣೆಗೆ ಸಜ್ಜಾಗಿ ನಿಂತಿತು. ದನಿ ಇನ್ನೂ ತೊದಲುತ್ತಲೇ ಇತ್ತು. "ಹಾ... ಹಾರು," ಎಂದು ಅದು ಮುಗಿಸಿದಾಗ ಕಣದಲ್ಲಿ ಕೇಳುವವರು ಯಾರೂ ಇರಲಿಲ್ಲ.

ಇಂಚರಾಳಿಗೆ ಈಗ ಅರ್ಥವಾಯಿತು. ಫಕೀರಪ್ಪನಿಗೆ ಉಗ್ಗು ಇತ್ತು. ಅವನ ಮಾತು ಪೂರ್ತಿಯಾಗುವವರೆಗೆ ಕಾಯುವುದನ್ನು ಕೆಂಚ ಕಲಿತಿತ್ತು.

"ನೀವು ದೋಷ ಅಂದ್ರಿ. ಅದು ಇದ ಅಂತ ನನಗೇನು ಗೊತ್ತವ್ವಾ," ಎಂದಳು ಶಾರವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. "ಬಸ್ಸಿನ್ಯಾಗ, ಬಜಾರದಾಗ, ಮನ್ಯಾಗ ಸುದ್ದಾ, ಎಲ್ಲಾರೂ ಅವರ ಬಾಯಾಗಿನ ಮಾತು ಕಸಗೊಂಡು ತಾವ ಮುಗಸ್ತಿದ್ರು. ಮುಗಿಯೂತನಕಾ ಕಾಯೋರು ಇಬ್ರ. ನಾನು, ಇದು. ಈಗ ನಾನೊಬ್ಬಾಕಿನ ಉಳಿದೆ."

"ಶಾರವ್ವಾರ..."

"ಮೊದಲಿನಂಗ ಮಾಡಾಕ ಬರತೈತೇನು?"

ಬರುತ್ತಿರಲಿಲ್ಲ. ಮರಿಗಾಡಿನ ಮೊದಲ ಕಟ್ಟಳೆಯೇ ಅದು: ಯಾವ ಮರಿಗೂ ನಕಲು ಇರಕೂಡದು, ಹಿಂದಿನ ಸ್ಥಿತಿಯನ್ನು ಎಲ್ಲಿಯೂ ಉಳಿಸಿಡಕೂಡದು. ಇಲ್ಲದಿದ್ದರೆ ಗೆದ್ದ ಮರಿಯೊಂದನ್ನು ಸಾವಿರ ಮಾಡಿ ಮಾರುವವರು ಹುಟ್ಟಿಕೊಳ್ಳುತ್ತಾರೆ. ತಕ್ಕಡಿಗಳನ್ನು ಒಮ್ಮೆ ಸರಿಪಡಿಸಿದರೆ ಮುಗಿಯಿತು. ಇದನ್ನು ಹೇಳುವಾಗ ಇಂಚರಾ ಶಾರವ್ವನ ಮುಖ ನೋಡಲಾರದೆ ಕೆಂಚನನ್ನೇ ನೋಡುತ್ತಿದ್ದಳು. ಅದು ಚೂಪಾಗಿ, ಚುರುಕಾಗಿ, ಏನನ್ನೂ ನಿರೀಕ್ಷಿಸದೆ ನಿಂತಿತ್ತು.

ಆಮೇಲೆ ಇಂಚರಾಳಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಪುಟದ ಲೆಕ್ಕಾಚಾರವನ್ನು ಮತ್ತೆ ಮತ್ತೆ ತಿರುವಿ ಹಾಕಿದಳು. ತಪ್ಪೇನೂ ಸಿಗಲಿಲ್ಲ. ಗಡಿಯಾರದ ಮಟ್ಟಿಗೆ ಕಾಯುವುದೂ ತಡಮಾಡುವುದೂ ಒಂದೇ. ಯಂತ್ರಕ್ಕೆ ಅವಳು ಕೊಟ್ಟಿದ್ದು ಗಡಿಯಾರ ಮಾತ್ರ. ಹಾಗೆ ಯೋಚಿಸುತ್ತಿರುವಾಗಲೇ ಒಂದು ದಾರಿ ಹೊಳೆಯಿತು. ಮರಿಗಳು ಒಡೆಯನಿಂದಷ್ಟೇ ಕಲಿಯುವುದಿಲ್ಲ, ಎದುರಾಳಿಯಿಂದಲೂ ಕಲಿಯುತ್ತವೆ. ಕೆಂಚನ ಎದುರು ಹಲವು ಸಲ ಆಡಿದ ಮರಿಯೇನಾದರೂ ಇದ್ದರೆ, ಅದರ ತಕ್ಕಡಿಗಳಲ್ಲಿ ಕೆಂಚನ ಅಚ್ಚು ಉಳಿದಿರಬೇಕು.

"ಅವರು ಯಾರ ಜೋಡಿ ಭಾಳ ಆಡ್ತಿದ್ರು?" ಎಂದು ಶಾರವ್ವನಿಗೆ ಫೋನ್ ಮಾಡಿ ಕೇಳಿದಳು.

"ಇನ್ಯಾರ ಜೋಡಿ? ನಮ್ಮ ದಾದಾಪೀರನ ಜೋಡಿ. ಪ್ರತಿ ಐತವಾರ."

ದಾದಾಪೀರ ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದುವವನು. ಐವತ್ತರ ಆಸುಪಾಸಿನ ವಯಸ್ಸು, ತುಂಬಿದ ಕೆನ್ನೆ. ಅವನ ಮರಿಯ ಹೆಸರು ಬಿಜಲಿ. ಗಿಡುಗದ ರೆಕ್ಕೆಯ ಚಿಕ್ಕ ಬೆಕ್ಕಿನಂತಿತ್ತು. ಮುಂದಿನ ಭಾನುವಾರ ಹುಬ್ಬಳ್ಳಿಯ ಆಟದ ಮನೆಯಲ್ಲಿ ಮೂವರೂ ಸೇರಿದರು.

ಮೊದಲ ಆಟದಲ್ಲಿ ಶಾರವ್ವ "ಹಾರು" ಎನ್ನುವಷ್ಟರಲ್ಲಿ ಕೆಂಚ ಬಿಜಲಿಯನ್ನು ಕೆಡವಿತ್ತು. ಎರಡನೆಯದರಲ್ಲೂ ಅಷ್ಟೇ. ಇಂಚರಾ ಬಿಜಲಿಯನ್ನೇ ನೋಡುತ್ತಿದ್ದಳು. ದಾಳಿಯಿಂದ ತಪ್ಪಿಸಿಕೊಳ್ಳಲು ಅದಕ್ಕೆ ಸಾಕಷ್ಟು ವೇಗವಿತ್ತು. ಆದರೂ ಅದು ತಪ್ಪಿಸಿಕೊಳ್ಳುತ್ತಿರಲಿಲ್ಲ.

"ಶಾರವ್ವಾರ, ಈ ಸಲ ಏನೂ ಹೇಳಬ್ಯಾಡ್ರಿ. ಸುಮ್ನ ನಿಂದರ್ರಿ," ಎಂದಳು ಇಂಚರಾ.

ಮೂರನೆಯ ಆಟ ಶುರುವಾಯಿತು. ಶಾರವ್ವ ಬಾಯಿ ಬಿಡಲಿಲ್ಲ. ದಾದಾಪೀರ ತನ್ನ ಮರಿಗೆ "ಎರಗು" ಎಂದ. ಬಿಜಲಿ ಒಂದು ಹೆಜ್ಜೆ ಮುಂದಿಟ್ಟು ನಿಂತಿತು. ರೆಕ್ಕೆ ಮಡಚಿಕೊಂಡು, ತಲೆ ಓರೆ ಮಾಡಿ, ಕಣದಾಚೆ ಫಕೀರಪ್ಪ ನಿಲ್ಲುತ್ತಿದ್ದ ಜಾಗದ ಕಡೆ ನೋಡಿತು. ಒಂದು ತೊದಲು ಮಾತು ಹುಟ್ಟಿ, ತಡವರಿಸಿ, ಪೂರ್ತಿಯಾಗುವಷ್ಟು ಹೊತ್ತು ಅದು ಹಾಗೇ ಇತ್ತು. ಆಮೇಲೆ ಎರಗಿತು.

ಶಾರವ್ವ ಕಣದ ಅಂಚಿನ ಗಾಜನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಇನ್ನೊಂದ್ಸಲ ಆಡೂಣೇನಪಾ, ದಾದಾಪೀರಾ?"

"ಆಡೂಣ, ವೈನೀ."

ಆಟದ ಮನೆಯವರು ಬಾಗಿಲು ಹಾಕಬೇಕೆಂದು ಬಂದು ಹೇಳುವವರೆಗೂ ಅವರು ಆಡಿದರು. ಪ್ರತಿ ಸಲವೂ ಶಾರವ್ವ ಸುಮ್ಮನೆ ನಿಂತಳು. ಪ್ರತಿ ಸಲವೂ ಬಿಜಲಿ ಸತ್ತವನ ಮಾತಿಗೆ ಅಷ್ಟು ಜಾಗ ಬಿಟ್ಟಿತು.

ಹೊರಗೆ ಬಂದ ಮೇಲೆ ದಾದಾಪೀರ ಇಂಚರಾಳನ್ನು ಪಕ್ಕಕ್ಕೆ ಕರೆದ. "ಮೇಡಂ, ನಾನೂ ಬಿಜಲಿ ಹೆಸರು ಪುಟಕ್ಕ ಹಚ್ಚೀನಿ. ಮುಂದಿನ ವಾರ ನನ್ನ ಪಾಳಿ. ರಾಜ್ಯ ಪಂದ್ಯದಾಗ ಪುಟ ಇಲ್ದ ಮರಿ ಮೊದಲ್ನೇ ಸುತ್ತೂ ದಾಟಂಗಿಲ್ರಿ ಈಗ. ಇದೂ ಹೋಗತೈತೇನು?"

"ಹೋಗತೈತಿ," ಎಂದಳು ಇಂಚರಾ.

ಶಾರವ್ವನಿಗೆ ಅದು ಕೇಳಿಸಿತು. "ಮಾಡಿಸಪಾ," ಎಂದಳು. "ಇಲ್ದವರ ಸಲುವಾಗಿ ಇದ್ದವರು ಯಾಕ ಸೋಲಬೇಕು?" ಹಾಗೆಂದವಳು ಸೆರಗು ಹೊದ್ದುಕೊಂಡು, ಇವರ ಉತ್ತರಕ್ಕೆ ನಿಲ್ಲದೆ ಬಸ್ ನಿಲ್ದಾಣದ ಕಡೆ ನಡೆದುಬಿಟ್ಟಳು.

ಪಾಳಿಯ ದಿನ ದಾದಾಪೀರ ಬಂದ. ಕೆಲಸಕ್ಕೆ ಬೇರೆ ಹುಡುಗರಿದ್ದರೂ ಯಂತ್ರದ ಮುಂದೆ ಇಂಚರಾಳೇ ಕುಳಿತಿದ್ದಳು. ಅವಳು ಯಂತ್ರವನ್ನು ಓದುವ ಕೆಲಸಕ್ಕಷ್ಟೇ ಹಚ್ಚಿದಳು. "ತೆಗಿಯೂ ಮುಂಚೆ ಒಮ್ಮೆ ನೋಡ್ರಿ. ಏನು ಹೋಗತೈತಿ ಅನ್ನೂದು ನಿಮಗ ಗೊತ್ತಿರಲಿ."

ಯಂತ್ರ ದೋಷವೆಂದು ಗುರುತಿಸಿದ್ದನ್ನೆಲ್ಲ ಬಿಜಲಿಯ ಕೈಯಿಂದಲೇ ಒಂದೊಂದಾಗಿ ಆಡಿಸಿ ತೋರಿಸಿದಳು. ಕಾಯುವುದು ಬಂತು. "ಇದು ಫಕೀರಪ್ಪಣ್ಣಂದು," ಎಂದ ದಾದಾಪೀರ. ಆಮೇಲೆ ಬಿಜಲಿ ಕಾರಣವಿಲ್ಲದೆ ಎಡಕ್ಕೆ ಜಿಗಿದು ಒಂದು ಸುತ್ತು ಹೊಡೆಯಿತು. ದಾದಾಪೀರ ಗೊಳ್ಳೆಂದು ನಕ್ಕ. "ಇದು ನನ್ನ ಮಗಳು ಕಲಿಸಿದ್ದು! ನಾಲ್ಕು ವರ್ಷದಾಕಿ ಇದ್ಲು ಆವಾಗ. ಈಗ ತಾನ ಮರ್ತಾಳ." ಗದ್ದಲ ಕೇಳಿದರೆ ಬಿಜಲಿ ರೆಕ್ಕೆಯೊಳಗೆ ಮುಖ ಹುದುಗಿಸುತ್ತಿತ್ತು, ಅದು ಮದುವೆ ಮನೆಗಳಿಗೆ ಅವನ ಜೊತೆ ಹೋಗಿ ಹೋಗಿ ಬಂದದ್ದು. ಒಂದೊಂದಕ್ಕೂ ಅವನ ಬಳಿ ಒಂದು ಹೆಸರಿತ್ತು, ಒಂದು ಊರಿತ್ತು.

ಕೊನೆಗೊಂದು ಉಳಿಯಿತು. ಎರಗುವ ಮುಂಚೆ ಪ್ರತಿ ಸಲವೂ ಬಿಜಲಿ ಒಂದು ಗಳಿಗೆ ಎದೆಯುಬ್ಬಿಸಿ, ಹೆಗಲನ್ನು ತುಸು ಮೇಲೆತ್ತುತ್ತಿತ್ತು. ಅದರಿಂದ ಯಾವ ಲಾಭವೂ ಇಲ್ಲ. ಎದುರಾಳಿಗೆ ಸುಳಿವು ಕೊಟ್ಟಂತಾಗುತ್ತಿತ್ತಷ್ಟೆ. ದಾದಾಪೀರ ಹುಬ್ಬು ಗಂಟಿಕ್ಕಿ ನೋಡಿದ. ಮತ್ತೊಮ್ಮೆ ಆಡಿಸಲು ಹೇಳಿದ.

"ಇದು ಯಾರದು ನೆನಪಾಗವಲ್ದಲ್ರಿ, ಮೇಡಂ."

"ನಿಮ್ದ ರೀ," ಎಂದಳು ಇಂಚರಾ. "ಊದೂ ಮುಂಚೆ ನೀವು ಉಸಿರು ತಗೋತೀರಲ್ಲ, ಹಂಗ. ಮಾತಾಡೂ ಮುಂಚೆನೂ ತಗೋತೀರಿ. ಈಗ ಸುದ್ದಾ ತಗೊಂಡ್ರಿ."

ದಾದಾಪೀರ ತನ್ನ ಹೆಗಲ ಮೇಲೆ ಕೈಯಿಟ್ಟುಕೊಂಡ. ಯಾರೋ ಅಪರಿಚಿತರ ಹೆಗಲನ್ನು ಮುಟ್ಟಿ ನೋಡುವಂತಿತ್ತು ಅದು. ಇಂಚರಾ ಕಾದಳು, ಅವನು ಏನೋ ಹೇಳಲಿದ್ದಾನೆಂದು ಅವಳಿಗೆ ಗೊತ್ತಿತ್ತು.

"ಇರಲಿ ಬಿಡ್ರಿ," ಎಂದ ಕೊನೆಗೆ.

ಅವನು ಬಿಜಲಿಯನ್ನು ಇದ್ದ ಹಾಗೇ ಕರೆದುಕೊಂಡು ಹೋದ. ರಾಜ್ಯ ಪಂದ್ಯದ ಮೊದಲ ಸುತ್ತಿನಲ್ಲೇ ಸೋತ. ಭಾನುವಾರದ ಆಟ ನಿಲ್ಲಲಿಲ್ಲ. ಪುಟದ ಕೇಂದ್ರಗಳಲ್ಲಿ ಮೊದಲು ತೋರಿಸಿ, ಆಮೇಲೆ ತೆಗೆಯಬೇಕೇ ಎಂದು ಕೇಳುವ ರೂಢಿಯನ್ನು ಇಂಚರಾ ಹಟ ಹಿಡಿದು ತಂದಳು. ನೋಡಿದವರಲ್ಲಿ ಬಹಳ ಜನ ಪುಟಕ್ಕೆ ಒಪ್ಪಿಯೇ ಹೋದರು, ಯಾಕೆಂದರೆ ಗೆಲ್ಲುವ ಆಸೆ ಸಣ್ಣದಲ್ಲ. ಆದರೆ ಎಲ್ಲರೂ ಯಂತ್ರದ ಮುಂದೆ ಸ್ವಲ್ಪ ಹೊತ್ತು ಕೂತರು. ಇದು ನಮ್ಮಪ್ಪನದು, ಇದು ಮೇಲಿನ ಮನೆ ರೇಣುಕಾಳದು ಎಂದು ಗುರುತು ಹಿಡಿದರು. ಕೆಲವರು ಅಲ್ಲಿಂದಲೇ ಆ ಅಪ್ಪನಿಗೋ ಆ ರೇಣುಕಾಳಿಗೋ ಫೋನ್ ಹಚ್ಚಿದರು. ಅತ್ತ ಫೋನ್ ಎತ್ತುವವರು ಇನ್ನೂ ಇದ್ದವರು ಪುಣ್ಯವಂತರು.