ಶಾಮಣ್ಣ ಮುರಿಯದ ಪ್ಯಾನೆಲ್

ಶಾಮಣ್ಣ ಬೈಕನ್ನು ಗೇಟಿನ ಹೊರಗೇ ನಿಲ್ಲಿಸಿ, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದರು. ಕೈಯಲ್ಲಿ ಒಂದು ಟವೆಲ್ಲಿನ ಗಂಟು. ಅದನ್ನು ಎದೆಗೆ ಅವುಚಿಕೊಂಡಿದ್ದ ರೀತಿ ನೋಡಿದರೆ ಒಳಗೆ ಹಕ್ಕಿಮರಿ ಇದೆಯೇನೋ ಅನ್ನಬೇಕು. ಹಿಂದೆ ಅವರ ಹೆಂಡತಿ ಪಂಕಜಾ ಆಂಟಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದರು.

"ಸ್ವಾಮಿಯವರೇ, ಒಂದು ಅನಾಹುತ ಆಗೋಯ್ತು," ಎಂದರು ಶಾಮಣ್ಣ.

ಮಧುಶ್ರೀಯ ಅಪ್ಪ ಸಿದ್ದಲಿಂಗಸ್ವಾಮಿ ಪೇಪರ್ ಮಡಚಿಟ್ಟು ಗೇಟಿಗೆ ಹೋದರು. ಗಂಟು ಬಿಚ್ಚಿದಾಗ ಸಿಕ್ಕಿದ್ದು ಬೈಕಿನ ಎಡಗಡೆಯ ಪ್ಯಾನೆಲ್, ಸೀಟಿನ ಕೆಳಗೆ ಬ್ಯಾಟರಿಯನ್ನು ಮುಚ್ಚುವ ಹೊದಿಕೆ. ಕೆಂಪು ಪ್ಲಾಸ್ಟಿಕ್ಕು ಎರಡು ಹೋಳಾಗಿತ್ತು. ಜೊತೆಗೆ ಬೆರಳುದ್ದದ ಒಂದು ಚೂರು.

ಜಗಲಿಯಲ್ಲಿದ್ದ ಮಧುಶ್ರೀ ಕಂಬದ ಹಿಂದೆ ಸರಿದು ನಿಂತಳು. ಯಾಕೆಂದರೆ ಆ ಪ್ಯಾನೆಲ್ ಮುರಿದವಳು ಅವಳೇ, ನಿನ್ನೆ ಮಧ್ಯಾಹ್ನ.

ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಬಂದಾಗ ತಲೆಯಲ್ಲಿ ಹೊಸ ಕ್ಲಿಪ್ ಇತ್ತು. ಅಪ್ಪನಿಗೆ ಫ್ಯಾಕ್ಟರಿ ರಜೆಯಾದ್ದರಿಂದ ಬೈಕು ಅಂಗಳದಲ್ಲೇ ಇತ್ತು, ಕ್ಲಿಪ್ಪನ್ನು ಅದರ ಕನ್ನಡಿಯಲ್ಲಿ ನೋಡಿಕೊಳ್ಳಬೇಕು ಅನ್ನಿಸಿತು. ಮನೆಯೊಳಗೆ ಆಳೆತ್ತರದ ಕನ್ನಡಿ ಇರುವಾಗ ಬೈಕಿನ ಕನ್ನಡಿಯೇ ಏಕೆ ಬೇಕಿತ್ತು ಎಂದು ಕೇಳಿದರೆ ಅವಳಿಗೂ ಗೊತ್ತಿಲ್ಲ. ಹತ್ತುವಾಗ ಕಾಲಿಡಬೇಕಾದ ಕಡೆ ಇಡದೆ ಪ್ಯಾನೆಲ್ ಮೇಲೆ ಇಟ್ಟಳು. 'ಟಕ್' ಎಂದು ಅದು ಕಳಚಿ ಬಂತು.

ಪ್ಯಾನೆಲ್ಲಿನ ಒಳಮೈಗೆ ಬೆರಳಿನಂಥ ಗೂಟಗಳಿರುತ್ತವೆ. ಅವು ಬೈಕಿನ ರಬ್ಬರ್ ತೂತುಗಳಲ್ಲಿ ಕೂತರೆ ಪ್ಯಾನೆಲ್ ಅಲುಗುವುದಿಲ್ಲ. ಒಂದು ಗೂಟ ಬುಡದಲ್ಲೇ ಮುರಿದು, ಅಲ್ಲಿಂದ ಉದ್ದಕ್ಕೂ ಬಿರುಕು ಓಡಿತ್ತು. ಮಧುಶ್ರೀ ಅಪ್ಪನ ಡ್ರಾಯರಿನಿಂದ ಫೆವಿಕ್ವಿಕ್ ತಂದು ಸುರಿದಳು. ಹೆಬ್ಬೆರಳು ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿತು. ಎಳೆದಾಗ ಚರ್ಮ ಕಿತ್ತು, ಕಣ್ಣಲ್ಲಿ ನೀರು ಬಂತು. ಆದರೂ ಪ್ಯಾನೆಲ್ಲನ್ನು ಹೇಗೋ ಒತ್ತಿ ಕೂರಿಸಿದಳು. ಸಂಜೆ ಅಪ್ಪನಿಗೆ ಗೊತ್ತಾಗಲಿಲ್ಲ. ಬೆಳಿಗ್ಗೆ ಶಾಮಣ್ಣ ಬೈಕ್ ತೆಗೆದುಕೊಂಡು ಹೋದರು.

ಶಾಮಣ್ಣ ಮೇಲಿನ ಮನೆಯವರು. ಕಾಲೇಜೊಂದರಲ್ಲಿ ಲ್ಯಾಬ್ ಅಸಿಸ್ಟೆಂಟ್. ಒಂಟಿಕೊಪ್ಪಲಿನ ಇಡೀ ಬಡಾವಣೆಯಲ್ಲಿ ಅವರಷ್ಟು ಅಂಜುವ ಮನುಷ್ಯ ಇನ್ನೊಬ್ಬರಿರಲಿಕ್ಕಿಲ್ಲ. ಬೆಕ್ಕು ಅಡ್ಡ ಬಂದರೆ ಬೆಕ್ಕಿಗೇ ಸಾರಿ ಹೇಳುವವರು. ಪಂಕಜಾ ಆಂಟಿಯ ತಾಯಿ ಮಂಡಕಳ್ಳಿಯಲ್ಲಿ ಹಾಸಿಗೆ ಹಿಡಿದ ಮೇಲೆ, ಇಬ್ಬರೂ ಪ್ರತಿ ಭಾನುವಾರ ಎರಡು ಬಸ್ ಹಿಡಿದು, ಬಿಸಿಲಲ್ಲಿ ನಡೆದು ಹೋಗಬೇಕಿತ್ತು. ಅಪ್ಪನೇ ಪಟ್ಟು ಹಿಡಿದು ತಲೆ ನರೆತ ಶಾಮಣ್ಣನವರಿಗೆ ಬೈಕ್ ಕಲಿಸಿದರು. ಆಮೇಲೆ ಭಾನುವಾರದ ಬೆಳಿಗ್ಗೆ ಕೀ ಮೇಲಿನ ಮನೆಗೆ ಹೋಗುವುದು ಪದ್ಧತಿಯಾಯಿತು.

ಈಗ ಗೇಟಿನಲ್ಲಿ ಶಾಮಣ್ಣ ಎಲ್ಲವನ್ನೂ ಒಪ್ಪಿಸಿದರು. ನಂಜನಗೂಡು ರಸ್ತೆಯಲ್ಲಿ ಒಂದು ಹಂಪ್ ಇತ್ತಂತೆ, ತಾನು ನೋಡಲಿಲ್ಲವಂತೆ, ಪ್ಯಾನೆಲ್ ಹಾರಿ ಬಿತ್ತಂತೆ. ತಾನು ಸ್ಪೀಡಾಗಿ ಹೋದದ್ದೇ ತಪ್ಪು ಎಂದರು. ಬೈಕಿನ ಹಿಂದೆ ಕೂತು ಬಂದಿದ್ದ ಪಂಕಜಾ ಆಂಟಿ, ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿಕೊಂಡು ಹೋದ, ಇನ್ನೆಲ್ಲಿಯ ಸ್ಪೀಡು ಎಂದು ಮೆಲ್ಲಗೆ ಗೊಣಗಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆ ಇದೆಯಲ್ಲ, ಅದು ಕದ್ದವನ ಮಾತಾಯಿತು. ಶಾಮಣ್ಣ ಕದಿಯದೆಯೇ ಹೆಗಲು ಮುಟ್ಟಿಕೊಳ್ಳುವವರು. ನಿಜವಾಗಿ ಕದ್ದವಳು ಕಂಬದ ಹಿಂದೆ ನಿಂತಿದ್ದಳು.

ಅಪ್ಪ "ಹೋಗ್ಲಿ ಬಿಡಿ" ಎಂದರು. ಆದರೆ ಒಳಗೆ ಬಂದು ಅಮ್ಮನ ಹತ್ತಿರ ದನಿ ತಗ್ಗಿಸಿ, "ಗಾಡಿ ಕೊಡಬಾರ್ದಿತ್ತು ಕಣೇ ಪ್ರೇಮಾ. ಅವರಿಗಿನ್ನೂ ಕೈ ಪಳಗಿಲ್ಲ," ಎಂದದ್ದು ಮಧುಶ್ರೀಗೆ ಕೇಳಿಸಿತು. ಅವಳು ಹುಟ್ಟುವ ಮೊದಲೇ ಮನೆಗೆ ಬಂದ ಬೈಕದು. ಅಪ್ಪ ದಿನಾ ಕಡಕೊಳದ ಫ್ಯಾಕ್ಟರಿಗೆ ಹೋಗುವುದು ಅದರಲ್ಲೇ. ಅದನ್ನು ಒರೆಸಲು ತಮ್ಮ ಒಳ್ಳೆಯ ಬನಿಯನ್ನನ್ನೇ ಹರಿಯುವ ಆಸಾಮಿ ಅವರು. ಹೇಳಿಬಿಡಬೇಕು ಎಂದು ಮಧುಶ್ರೀ ಬಾಗಿಲವರೆಗೆ ಹೋದಳು, ಅಲ್ಲಿಂದಲೇ ವಾಪಸು ಬಂದಳು.

ಆ ಸಂಜೆ ಅವಳ ಹೆಬ್ಬೆರಳು ನೋಡಿ ಮುಲಾಮು ಹಚ್ಚಿದವರು ಪಂಕಜಾ ಆಂಟಿ. ಬಾಗಿಲಿಗೆ ಸಿಕ್ಕಿಕೊಂಡಿತು ಎಂದು ಮಧುಶ್ರೀ ಸುಳ್ಳು ಹೇಳಿದಳು. ಆಂಟಿ ನಂಬಿದರು. ನಂಬದಿದ್ದರೇ ಚೆನ್ನಾಗಿತ್ತು.

ಅಪ್ಪ ನಾಲ್ಕಾರು ಅಂಗಡಿ ಸುತ್ತಿದರು. ಆ ಮಾಡೆಲ್ ನಿಂತು ಎಷ್ಟೋ ಕಾಲವಾಯಿತು, ಪ್ಯಾನೆಲ್ ಎಲ್ಲೂ ಸಿಗುವುದಿಲ್ಲ ಎಂದರು ಅಂಗಡಿಯವರು. ಬೈಕು ತನ್ನ ವೈರು, ಬ್ಯಾಟರಿಯನ್ನೆಲ್ಲ ತೋರಿಸಿಕೊಂಡು ಹಲ್ಲು ಬಿದ್ದ ಬಾಯಿಯ ಹಾಗೆ ನಿಂತಿತ್ತು. ಆಗ ಶಾಮಣ್ಣ ಕೆಳಗಿಳಿದು ಬಂದು, ಮುರಿದ ಪ್ಯಾನೆಲ್ಲನ್ನು ತಾನೇ ಬೆಸೆದು ಕೊಡುತ್ತೇನೆ ಎಂದರು. ಬೇಡವೆಂದರೂ ಕೇಳಲಿಲ್ಲ. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, "ಇನ್ಮೇಲೆ ನಾವು ಬಸ್ಸಲ್ಲೇ ಹೋಗ್ತೀವಿ ಸ್ವಾಮಿಯವರೇ. ನನ್ನ ಕೈಗೆ ಗಾಡಿ ಒಗ್ಗಲ್ಲ," ಎಂದರು.

ಅಪ್ಪ ಹಾಗಲ್ಲ ಹೀಗಲ್ಲ ಎನ್ನಲಿಲ್ಲ.

ಮುಂದಿನ ಭಾನುವಾರ ಇನ್ನೂ ಬೆಳಕು ಸರಿಯಾಗಿ ಹರಿಯುವ ಮೊದಲೇ ಮೇಲಿನ ಮನೆಯವರಿಬ್ಬರೂ ಬಸ್ಸಿಗೆ ಹೊರಟರು. ವಾಪಸು ಬಂದದ್ದು ಸಂಜೆ. ಪಂಕಜಾ ಆಂಟಿ ಮೆಟ್ಟಿಲನ್ನು ಅರ್ಧ ಹತ್ತಿ, ಅಲ್ಲೇ ಕೂತುಬಿಟ್ಟರು. ಚಪ್ಪಲಿ ಬಿಚ್ಚಿ ಪಾದ ಒತ್ತಿಕೊಂಡರು. ಕಿಟಕಿಯಿಂದ ನೋಡುತ್ತಿದ್ದ ಮಧುಶ್ರೀಗೆ ಆ ರಾತ್ರಿ ಚಪಾತಿ ಸೇರಲಿಲ್ಲ.

ಗುಜರಿ ಅಂಗಡಿಗಳಲ್ಲಿ ಹುಡುಕಿ ಹುಡುಕಿ ಅದೇ ಥರದ ಪ್ಲಾಸ್ಟಿಕ್ಕಿನ ತುಂಡೊಂದನ್ನು ಶಾಮಣ್ಣ ತಂದರು. ಅದರ ಮುಂದಿನ ಶನಿವಾರ ಮಧ್ಯಾಹ್ನ ಸೀಬೆ ಮರದ ಕೆಳಗೆ ಪೇಪರ್ ಹಾಸಿ, ಕಿಟಕಿಯಿಂದ ವೈರ್ ಎಳೆದು, ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಕಾಯಲು ಇಟ್ಟರು. ಮಧುಶ್ರೀಯನ್ನು ಕರೆದು ಸ್ಟೇಪ್ಲರ್ ಪಿನ್ನು ಇದೆಯಾ ಎಂದು ಕೇಳಿದರು. ಬೈಕ್ ರಿಪೇರಿಗೆ ಸ್ಟೇಪ್ಲರ್ ಪಿನ್ನೇ ಎಂದು ಅವಳಿಗೆ ಆಶ್ಚರ್ಯವಾಯಿತು. ಬಿರುಕಿನ ಆಚೆಗೊಂದು ಕಾಲು, ಈಚೆಗೊಂದು ಕಾಲು ಬರುವಂತೆ ಪಿನ್ನನ್ನು ಬಿಸಿ ಮಾಡಿ ಒಳಗಿಳಿಸಬೇಕು, ಡಾಕ್ಟರು ಗಾಯಕ್ಕೆ ಹೊಲಿಗೆ ಹಾಕಿದ ಹಾಗೆ, ಮೇಲೆ ಪ್ಲಾಸ್ಟಿಕ್ ಕರಗಿಸಿ ಬಳಿಯಬೇಕು ಎಂದು ಅವರು ವಿವರಿಸಿದರು. ಹೊಗೆ ಮುಖಕ್ಕೆ ಬರದ ಕಡೆ ಅವಳನ್ನು ಕೂರಿಸಿದರು.

ಕನ್ನಡಕ ಹಾಕಿಕೊಂಡು ಪ್ಯಾನೆಲ್ಲಿನ ಒಳಮೈಯನ್ನು ಬಿಸಿಲಿಗೆ ಹಿಡಿದರು. ಹಿಡಿದವರು ಹಾಗೇ ಉಳಿದರು.

ಬಿರುಕಿನ ಅಂಚಿನಲ್ಲಿ ಫೆವಿಕ್ವಿಕ್ ಗಾಜಿನ ಹಾಗೆ ಒಣಗಿತ್ತು. ಅದರ ನಡುವೆ ಒಂದು ಹೆಬ್ಬೆರಳಿನ ಗುರುತು, ಸಣ್ಣ ಸಣ್ಣ ಗೆರೆಗಳ ಸಮೇತ. ದೊಡ್ಡವರ ಹೆಬ್ಬೆರಳಲ್ಲ. ಶಾಮಣ್ಣ ಅದನ್ನು ನೋಡಿದರು. ಆಮೇಲೆ ಮಧುಶ್ರೀಯ ಕೈ ನೋಡಿದರು. ಮುಲಾಮು ಹಚ್ಚಿಸಿಕೊಂಡ ಜಾಗದಲ್ಲಿ ಹೊಸ ಚರ್ಮ ಗುಲಾಬಿ ಬಣ್ಣಕ್ಕಿತ್ತು. ಅವಳು ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟಳು.

ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಇಲ್ಲಿ ಹಳೇ ಅಂಟಿದೆ ನೋಡು ಪುಟ್ಟಿ. ಇದಿದ್ರೆ ಬೆಸುಗೆ ಕೂರಲ್ಲ. ಮೇಲೆ ಹಿಡ್ದಂಗೆ ಕಾಣುತ್ತೆ, ಒಳಗೆ ಹಿಡ್ದಿರಲ್ಲ. ನೀನೇ ಉಜ್ಜಿ ತೆಗೆದುಬಿಡು."

ಇಷ್ಟು ಹೇಳಿ ಉಜ್ಜುವ ಉಪ್ಪುಕಾಗದದ ಒರಟು ತುಂಡೊಂದನ್ನು ಅವಳ ಕೈಗೆ ಕೊಟ್ಟು, ತಾವು ಆ ಕಡೆ ತಿರುಗಿ ಪಿನ್ನು ಬಿಡಿಸುತ್ತ ಕೂತರು.

ಮಧುಶ್ರೀ ಉಜ್ಜತೊಡಗಿದಳು. ಬಿಳಿ ಪುಡಿ ಉದುರಿತು. ಗುರುತಿನ ಒಂದು ಬದಿ ಅಳಿಸಿತು. ಇನ್ನು ಸ್ವಲ್ಪ ಉಜ್ಜಿದರೆ ಪೂರ್ತಿ ಹೋಗುತ್ತದೆ. ಆಮೇಲೆ ಯಾರಿಗೂ ಯಾವತ್ತೂ ಗೊತ್ತಾಗುವುದಿಲ್ಲ. ಶಾಮಣ್ಣ ಅಂಕಲ್ ಹೇಳುವುದಿಲ್ಲ, ಅದು ಅವಳಿಗೆ ಖಂಡಿತವಾಗಿ ಗೊತ್ತಾಗಿಹೋಗಿತ್ತು. ಸಮಾಧಾನ ಆಗಬೇಕಿತ್ತು, ಆಗಲಿಲ್ಲ.

ಅಷ್ಟರಲ್ಲಿ ಅಪ್ಪ ಕಾಫಿ ಲೋಟಗಳನ್ನು ಹಿಡಿದು ಹೊರಗೆ ಬಂದರು. ಶಾಮಣ್ಣನವರ ಶ್ರಮ ನೋಡಿ ಅವರ ಮನಸ್ಸೂ ಮೆತ್ತಗಾಗಿತ್ತು. "ಆಗಿದ್ದು ಆಗೋಯ್ತು ಬಿಡಿ. ಮುಂದೆ ಯಾರ ಗಾಡಿ ಓಡಿಸಿದ್ರೂ ಹಂಪ್ ಹತ್ರ ಸ್ವಲ್ಪ ನೋಡ್ಕೊಂಡು ಓಡಿಸಿ," ಎಂದರು.

ಶಾಮಣ್ಣ ತಲೆ ಎತ್ತಲಿಲ್ಲ. "ಹೌದು ಸ್ವಾಮಿಯವರೇ. ನಂದೇ ತಪ್ಪು," ಎಂದರು.

ಮಧುಶ್ರೀಯ ಕೈ ನಿಂತಿತು. ಎದ್ದು ಹೋಗಿ ಪ್ಯಾನೆಲ್ಲನ್ನು ಅಪ್ಪನ ಮುಂದೆ ಹಿಡಿದಳು. ಅರ್ಧ ಉಳಿದಿದ್ದ ಗುರುತಿನ ಪಕ್ಕದಲ್ಲಿ ತನ್ನ ಹೆಬ್ಬೆರಳನ್ನು ಇಟ್ಟಳು.

"ಇದು ನಂದು ಅಪ್ಪ. ಅಂಕಲ್ ಗಾಡಿ ತಗೊಳ್ಳೋಕೆ ಮುಂಚೇನೇ ಮುರಿದಿತ್ತು. ನಾನು ಅದರ ಮೇಲೆ ಕಾಲಿಟ್ಟೆ. ಆಮೇಲೆ ಫೆವಿಕ್ವಿಕ್ ಹಾಕ್ದೆ."

ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು. ಅಪ್ಪ ಗುರುತನ್ನು ನೋಡಿದರು, ಬೆರಳನ್ನು ನೋಡಿದರು. ಬೈಯುತ್ತಾರೆಂದು ಅವಳು ಕಾದಳು. ಅವರು ಅವಳನ್ನು ಬೈಯಲಿಲ್ಲ. ಲೋಟಗಳನ್ನು ಕಟ್ಟೆಯ ಮೇಲಿಟ್ಟು ಶಾಮಣ್ಣನವರ ಕಡೆ ತಿರುಗಿದರು. ಅಪ್ಪನ ಮುಖ ಕೆಂಪಾಗಿತ್ತು. "ಶಾಮಣ್ಣನವರೇ, ನಾನು ನಿಮ್ಮನ್ನ..." ಎಂದು ಶುರುಮಾಡಿದರು.

"ಕಾಫಿ ಆರೋಗುತ್ತೆ," ಎಂದು ಶಾಮಣ್ಣ ಒಂದು ಲೋಟ ಎತ್ತಿಕೊಂಡರು.

ಅಪ್ಪ ಪಂಚೆ ಮೇಲೆತ್ತಿ ಕಟ್ಟಿ ಪೇಪರ್ ಮೇಲೆ ಮಗಳ ಪಕ್ಕ ಕೂತರು. ಉಪ್ಪುಕಾಗದವನ್ನು ಎರಡಾಗಿ ಹರಿದು, ಒಂದನ್ನು ತಾವಿಟ್ಟುಕೊಂಡು ಇನ್ನೊಂದನ್ನು ಅವಳಿಗೆ ಕೊಟ್ಟರು. ಇಬ್ಬರೂ ಸೇರಿ ಉಳಿದರ್ಧ ಉಜ್ಜಿದರು. ಶಾಮಣ್ಣ ಪಿನ್ನುಗಳನ್ನು ಒಂದೊಂದಾಗಿ ಇಳಿಸಿ, ಗೂಟವನ್ನು ಮತ್ತೆ ನಿಲ್ಲಿಸಿ, ಕರಗಿದ ಪ್ಲಾಸ್ಟಿಕ್ಕನ್ನು ದೋಸೆ ಹಿಟ್ಟು ಬಳಿದಂತೆ ಬಳಿದರು. ಹೊರಗಡೆ ಬಿರುಕಿನ ಗೆರೆ ಕಾಣುತ್ತಿತ್ತು. ಪೇಂಟ್ ಹಚ್ಚೋಣವೇ ಎಂದಾಗ, ಇರಲಿ ಬಿಡಿ ಎಂದರು ಅಪ್ಪ. ಬೈಗುಳ ರಾತ್ರಿ ಊಟದ ಹೊತ್ತಿಗೆ ಬಂತು, ಅಮ್ಮನಿಂದ. ಬರಬೇಕಾದಷ್ಟು ಬಂತು.

ಭಾನುವಾರ ಬೆಳಿಗ್ಗೆ ಅಪ್ಪ ಕೀಯನ್ನು ಮಧುಶ್ರೀಯ ಕೈಯಲ್ಲಿ ಕೊಟ್ಟು ಮೇಲಿನ ಮನೆಗೆ ಕಳಿಸಿದರು.

ಶಾಮಣ್ಣ ಕೀಯನ್ನು ನೋಡಿ ಹಿಂದೆ ಸರಿದರು. "ಬೇಡ ಪುಟ್ಟಿ. ಮತ್ತೆ ಏನಾದ್ರೂ ಆದ್ರೆ?"

"ಆದ್ರೆ ನಮ್ಮನೇಲಿ ಪಿನ್ನು ಬೇಕಾದಷ್ಟಿದೆ ಅಂಕಲ್."

ಒಳಗಿನಿಂದ ಪಂಕಜಾ ಆಂಟಿ ನಕ್ಕದ್ದು ಕೇಳಿಸಿತು. ಶಾಮಣ್ಣನವರೂ ನಕ್ಕು ಕೀ ತೆಗೆದುಕೊಂಡರು. ಮಧುಶ್ರೀ ಹೊರಡದೆ ಅಲ್ಲೇ ನಿಂತಳು. ನಿನ್ನೆ ಗುರುತು ನೋಡಿದಾಗಲೇ ನಿಮಗೆ ಗೊತ್ತಾಗಿತ್ತಲ್ಲವಾ ಎಂದು ಕೇಳಿದಳು.

"ನನಗೇನು ಗೊತ್ತು," ಎಂದರು ಶಾಮಣ್ಣ, ಚಪ್ಪಲಿ ಹಾಕಿಕೊಳ್ಳುತ್ತ. "ಆದ್ರೆ ಯಾರೇ ಅಂಟಿಸಿರ್ಲಿ, ಪರವಾಗಿಲ್ಲ ಕಣಮ್ಮ. ಆ ಹಂಪ್ ಬರೋವರೆಗೂ ಹಿಡಿದಿತ್ತಲ್ಲ."

ಬೈಕು ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಹೊರಟಿತು. ಮಧುಶ್ರೀ ಗೇಟಿನಲ್ಲಿ ನಿಂತು ನೋಡಿದಳು. ಬೀದಿಯ ಕೊನೆಯಲ್ಲೂ ಒಂದು ಹಂಪ್ ಇದೆ. ಅದರ ಮುಂದೆ ಶಾಮಣ್ಣ ಬೈಕನ್ನು ಪೂರ್ತಿ ನಿಲ್ಲಿಸಿ, ಎರಡೂ ಕಾಲು ಊರಿ, ಆ ಕಡೆ ಈ ಕಡೆ ನೋಡಿ, ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ದಾಟಿಸಿದರು. ಕೆಂಪು ಪ್ಯಾನೆಲ್ ಅಲುಗಲಿಲ್ಲ.

ಒಂದು ಹಂಪಿಗೆ ಇಷ್ಟು ಹೆದರುವ ಮನುಷ್ಯ, ನಿನ್ನೆ ಎಲ್ಲ ಗೊತ್ತಿದ್ದೂ ತನಗೋಸ್ಕರ 'ನಂದೇ ತಪ್ಪು' ಎಂದಾಗ ಒಂದಿಷ್ಟೂ ಹೆದರಿರಲಿಲ್ಲ. ಮಧುಶ್ರೀ ಬೈಕು ತಿರುವಿನಲ್ಲಿ ಮರೆಯಾಗುವವರೆಗೂ ಕೈಯೆತ್ತಿಕೊಂಡೇ ನಿಂತಿದ್ದಳು.